ಇಳಿಜಾರಿಗೆ ಮೂತಿ ಮಾಡಿದ ಕಾರು

ನಮ್ಮ ಕಡೆ ಒಂದು ಕಾರಿನ ಆರೋಗ್ಯ ತಿಳಿಯಲು ಬಾನೆಟ್ ಎತ್ತಬೇಕಾಗಿಲ್ಲ. ಸಂಜೆ ಅದನ್ನು ಯಾವ ಕಡೆ ಮೂತಿ ಮಾಡಿ ನಿಲ್ಲಿಸಿದ್ದಾರೆ ಅಂತ ನೋಡಿದರೆ ಸಾಕು. ಮೂತಿ ಗೋಡೆಗಿದ್ದರೆ ಕಾರು ಗಟ್ಟಿ. ಮೂತಿ ಇಳಿಜಾರಿಗಿದ್ದು, ಮುಂದಿನ ಚಕ್ರಕ್ಕೊಂದು ಕಲ್ಲು ಕೊಟ್ಟಿದ್ದರೆ, ಆ ಮನೆಯವರು ಕೀಲಿಕೈಯನ್ನು ನಂಬುವುದಿಲ್ಲ, ಭೂಮಿಯನ್ನು ನಂಬುತ್ತಾರೆ ಅಂತ ತಿಳಿಯಿರಿ. ಬೆಳಿಗ್ಗೆ ಕಲ್ಲು ಒದ್ದು, ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಒತ್ತಿ ಉರುಳಿಸಿ, ಸ್ವಲ್ಪ ವೇಗ ಬಂದ ಮೇಲೆ ಕ್ಲಚ್ ಬಿಟ್ಟರೆ ಎಂಜಿನ್ ಎರಡು ಸಲ ಕೆಮ್ಮಿ ಎದ್ದು ಕೂರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನಲ್ಲಿ ಏನಕ್ಕೆ ಬರವಿದ್ದರೂ ಇಳಿಜಾರಿಗೆ ಬರವಿಲ್ಲ. ಹಾಗಾಗಿ ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೆ ಇರುವುದನ್ನು ಇಲ್ಲಿ ಯಾರೂ ಕಾಯಿಲೆ ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅದನ್ನು ಕಾರಿನ ಸ್ವಭಾವ ಅನ್ನುತ್ತಾರೆ. "ಅದು ಸ್ವಲ್ಪ ಹಂಗೇ, ಬೆಳಿಗ್ಗೆ ಹೊತ್ತು," ಅಂತ ಮನೆಯ ಅಳಿಯನ ಬಗ್ಗೆ ಹೇಳಿದ ಹಾಗೆ ಹೇಳುತ್ತಾರೆ.

ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಮೆಕ್ಯಾನಿಕ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು. ಕೊಪ್ಪದಿಂದ ಹೊರಬೀಳುವ ರಸ್ತೆಯ ಬದಿಯಲ್ಲಿ ನನ್ನ ಶೆಡ್ ಇದೆ. ಯಾರ ಹಂಗಿನಲ್ಲೂ ಇಲ್ಲದೆ ಕಟ್ಟಿದ ಶೆಡ್. ಪುಸ್ತಕದಲ್ಲಿ ಓದಿದ್ದು ಕಡಿಮೆ, ಎಂಜಿನ್ನಿನಲ್ಲಿ ಓದಿದ್ದು ಬಹಳ ಅಂತ ನಾನೇ ಹೇಳಿಕೊಳ್ಳುತ್ತೇನೆ; ಬೇರೆಯವರು ಹೇಳುವ ತನಕ ಕಾಯುವ ತಾಳ್ಮೆ ನನಗಿಲ್ಲ. ತಾಳ್ಮೆ ಇಲ್ಲದ್ದಕ್ಕೂ ನನ್ನ ಕಸುಬಿಗೂ ಹೇಗೆ ಹೊಂದುತ್ತದೆ ಅಂತ ನನ್ನ ಹೆಂಡತಿ ಆಗಾಗ ಕೇಳುತ್ತಾಳೆ. ನಾನು ಸಿಟ್ಟು ಮಾಡುವುದು ಎಂಜಿನ್ನಿನ ಮೇಲಲ್ಲ, ಅದರ ಯಜಮಾನರ ಮೇಲೆ ಅಂತ ಉತ್ತರ ಕೊಟ್ಟಿದ್ದೇನೆ.

ಯಜಮಾನರಾದರೂ ಎಂಥವರು! ಫೋನಿನಲ್ಲಿ ಕಾರಿನ ಸದ್ದು ಮಾಡಿ ತೋರಿಸುವವರು ಒಂದು ಜಾತಿ. "ಕುಂಯ್ ಕುಂಯ್ ಕುಂಯ್ ಅಂತದೆ, ಆಮೇಲೆ ಗಡಗಡಗಡ ಅಂತದೆ, ಎಂತ ಆಗಿರಬಹುದು ಮಾರಾಯ್ರೆ?" ಎನ್ನುತ್ತಾರೆ. ನಾನೇನು ಹಕ್ಕಿ ಗುರುತಿಸುವವನೇ? ಇನ್ನೊಂದು ಜಾತಿ ಇದಕ್ಕಿಂತ ಅಪಾಯದ್ದು. ಬೆಳಿಗ್ಗೆ ಆರಕ್ಕೆ ಸ್ಟಾರ್ಟ್ ಆಗದ ಕಾರನ್ನು ಹನ್ನೊಂದು ಗಂಟೆಗೆ, ಹದಿನೈದು ಮೈಲಿ ಓಡಿಸಿಕೊಂಡು ತಂದು, ನನ್ನ ಶೆಡ್ಡಿನ ಎದುರು ಆಫ್ ಮಾಡಿ, ಮತ್ತೆ ಕೀಲಿ ತಿರುಗಿಸುತ್ತಾರೆ. ಅದು ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದು ಬೆಕ್ಕಿನ ಹಾಗೆ ಗುರ್ ಅನ್ನುತ್ತದೆ. "ಅರೆ, ಈಗ ಸರಿ ಇದೆಯಲ್ಲ!" ಅಂತ ನನ್ನ ಮುಖ ನೋಡುತ್ತಾರೆ, ನಾನೇ ಏನೋ ಮೋಸ ಮಾಡಿದ ಹಾಗೆ.

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ನಾಡಿ ನೋಡುವ ಪಂಡಿತರೊಬ್ಬರಿದ್ದರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬಂದವರ ಕೈ ಮಾತ್ರ ಹಿಡಿಯುತ್ತಿದ್ದರು. ಒಂದು ಲೋಟ ಕಾಫಿ ಕುಡಿದು ಬಂದವನನ್ನು ಜಗಲಿಯಿಂದಲೇ ವಾಪಸು ಕಳಿಸುತ್ತಿದ್ದರು. "ಈಗ ಮಾತಾಡ್ತಿರೋದು ನಿನ್ನ ಕಾಫಿ, ನೀನಲ್ಲ," ಅನ್ನುತ್ತಿದ್ದರು. ಕಾರೂ ಹಾಗೆಯೇ. ತಣ್ಣಗಿನ ಕಾಯಿಲೆಯನ್ನು ತಣ್ಣಗಿದ್ದಾಗಲೇ ನೋಡಬೇಕು. ಹತ್ತು ನಿಮಿಷ ಓಡಿದ ಮೇಲೆ ಕಬ್ಬಿಣ ಹಿಗ್ಗುತ್ತದೆ, ರಬ್ಬರು ಮೆತ್ತಗಾಗುತ್ತದೆ, ಪೆಟ್ರೋಲು ಸರಿಯಾಗಿ ಆವಿಯಾಗುತ್ತದೆ, ರೋಗ ಓಡಿಹೋಗಿ ಬಚ್ಚಿಟ್ಟುಕೊಳ್ಳುತ್ತದೆ. ಇದನ್ನು ನಾನು ಸಾವಿರ ಸಲ ಕೂಗಿ ಹೇಳಿದ್ದೇನೆ. ಆದರೂ ಒಬ್ಬನಾದರೂ ಬರಿಹೊಟ್ಟೆಯ ಕಾರು ತಂದದ್ದುಂಟಾ?

ಸುಮಿತ್ರಕ್ಕನ ಕಾರು ನನ್ನ ಹತ್ತಿರ ಬಂದದ್ದೂ ಹೀಗೆಯೇ, ಹನ್ನೊಂದು ಗಂಟೆಗೆ, ಬೆಚ್ಚಗೆ. ಸುಮಿತ್ರಕ್ಕ ಶೆಟ್ಟಿಕೊಪ್ಪದ ಕಡೆಯವರು. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತವರು. ಕಲಿತದ್ದು ಶೋಕಿಗಲ್ಲ. ಅವರ ಯಜಮಾನರು ಶ್ರೀನಿವಾಸಣ್ಣನಿಗೆ ಕಿಡ್ನಿ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗಲೇಬೇಕು. ಬೆಳಗಿನ ಮೊದಲ ಸರದಿ ಅವರದ್ದು; ಆರೂವರೆಗೆ ಆಸ್ಪತ್ರೆಯಲ್ಲಿರಬೇಕು. ಕಾರು ಇಪ್ಪತ್ತು ವರ್ಷದ್ದು. ಅಷ್ಟು ವರ್ಷವೂ ಅದು ಮನೆಯ ಕೆಳಗೆ, ರಸ್ತೆ ಸೇರುವ ಇಳಿಜಾರಿನಲ್ಲಿ, ಕೆಳಗೆ ಮೂತಿ ಮಾಡಿ ನಿಂತಿರುತ್ತಿತ್ತು. ಈಗ ಶ್ರೀನಿವಾಸಣ್ಣನಿಗೆ ಆ ಇಳಿಜಾರನ್ನು ನಡೆದು ಇಳಿಯಲು ಆಗುವುದಿಲ್ಲ. ಹಾಗಾಗಿ ಕಾರೇ ಮೇಲಕ್ಕೆ ಬಂತು, ಬಾಗಿಲ ಎದುರಿಗೆ, ಸಪಾಟು ಅಂಗಳಕ್ಕೆ. ಇಷ್ಟು ವರ್ಷ ಇಳಿಜಾರು ಮುಚ್ಚಿಟ್ಟ ಕಾಯಿಲೆಯನ್ನು ಅಂಗಳ ಒಂದೇ ವಾರದಲ್ಲಿ ಬಯಲು ಮಾಡಿತು.

"ಸೆಲ್ಫ್ ಹೊಡೆದು ಹೊಡೆದು ಕೈ ಸೋಲತ್ತೆ ಮಂಜಣ್ಣ. ಎದ್ರೂ ಸ್ಲೋದಲ್ಲಿ ನಿಲ್ಲಲ್ಲ, ಆರಿಹೋಗತ್ತೆ. ಮೈಯೆಲ್ಲ ನಡುಗತ್ತೆ, ಚಳಿಜ್ವರ ಬಂದವರ ಹಾಗೆ," ಅಂದರು.

ನಾನು ಮಾಡಿದ ಮೊದಲ ಕೆಲಸ ಅವರಿಗೆ ಬೈದದ್ದು. "ಸೆಲ್ಫ್ ಹೊಡೆಯುವಾಗ ಆಕ್ಸಿಲರೇಟರ್ ಒತ್ತುತ್ತೀರಿ ಅಲ್ವಾ? ಒತ್ತಬೇಡಿ. ಗಾಡಿದು ಅರ್ಧ ತಪ್ಪು, ಓಡಿಸೋರದು ಅರ್ಧ." ಅವರು ತಮ್ಮ ಬಲಗಾಲು ನೋಡಿಕೊಂಡರು. ಸುಮ್ಮನಿರುವವರಿಗೆ ಬೈಯುವುದು ಸುಲಭ. ಪ್ಲಗ್ ಬಿಚ್ಚಿದೆ. ನಾಲ್ಕೂ ಒಲೆಯ ಹಿಂದಿನ ಗೋಡೆಯ ಹಾಗೆ ಕಪ್ಪಗೆ ಮಸಿ ಹಿಡಿದಿದ್ದವು. ಹೊಸ ಪ್ಲಗ್ ಹಾಕಿದೆ, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತೊಳೆದೆ, ಪ್ಲಗ್ ವೈರುಗಳಿಗೆ ತಂಡಿ ಹಿಡಿದಿರಬಹುದು ಅಂತ ಅವನ್ನೂ ಬದಲಿಸಿದೆ. ನಮ್ಮ ಕಡೆ ಮನುಷ್ಯರಿಗೆ, ಗೋಡೆಗೆ, ಬೆಂಕಿಪೊಟ್ಟಣಕ್ಕೆ ಏನೇ ಆದರೂ ತಂಡಿಯೇ ಕಾರಣ; ಕಾರಿಗೆ ಮಾತ್ರ ಯಾಕಾಗಬಾರದು? ಕಾರು ಮೂರು ವಾರ ಮದುಮಗನ ಹಾಗೆ ಓಡಾಡಿತು. ನಾಲ್ಕನೇ ವಾರ ಮತ್ತೆ ಅದೇ ನಡುಕ, ಅದೇ ಕಪ್ಪು ಪ್ಲಗ್.

ಕಂಪ್ಯೂಟರ್ ಹಚ್ಚಿ ನೋಡೋಣ ಅಂತ ನರಸಿಂಹರಾಜಪುರದ ರಫೀಕನ ಹತ್ತಿರ ಕಾರು ತಗೊಂಡು ಹೋದೆ. ರಫೀಕ್ ವಾಹನಗಳ ಎಲೆಕ್ಟ್ರಿಷಿಯನ್, ನನ್ನದೇ ವಯಸ್ಸು, ಹಳೇ ಸ್ನೇಹಿತ. ಅವನ ಹತ್ತಿರ ಕಾರಿಗೆ ಸಿಕ್ಕಿಸಿ ನೋಡುವ ಒಂದು ಸ್ಕ್ಯಾನರ್ ಇದೆ. ಅದರ ಮೇಲೆ ನನಗೆ ಮೊದಲಿನಿಂದಲೂ ಕೋಪ. ಮೂವತ್ತು ವರ್ಷ ಕಿವಿಯಿಟ್ಟು ಕಲಿತದ್ದನ್ನು ಒಂದು ಅಂಗೈ ಅಗಲದ ಡಬ್ಬಿ ಹೇಳುತ್ತದೆ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

"ಎಂಜಿನ್ ತಣ್ಣಗಿದೆ ಅಂತ ತೋರಿಸ್ತಿದೆ ನೋಡು," ಅಂದ ರಫೀಕ್. "ಐವತ್ತು ಡಿಗ್ರಿನೂ ದಾಟಿಲ್ಲ."

"ಕೊಪ್ಪದಿಂದ ಇಲ್ಲಿ ತನಕ ಓಡಿ ಬಂದಿದೆ ಮಾರಾಯ! ಓಡಿ ಬಂದ ಎಂಜಿನ್ ತಣ್ಣಗೆ ಹೇಗಿರತ್ತೆ? ನಿನ್ನ ಡಬ್ಬಿಗೇ ಜ್ವರ."

"ಡಬ್ಬಿ ಕಂಡದ್ದು ಹೇಳತ್ತೆ, ನಿನ್ನ ಹಾಗೆ ಬೈಯಲ್ಲ," ಅಂತ ಅವನು ವೈರು ಸುತ್ತಿಟ್ಟ. ನಾನು ಎಂಜಿನ್ ಶಾಖ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದೆ ಅಂತ ತೀರ್ಮಾನ ಮಾಡಿ ಅದನ್ನು ಬದಲಿಸಿದೆ. ಹೊಸ ಸೆನ್ಸರೂ ಅದೇ ಸುಳ್ಳು ಹೇಳಿತು. ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಕೋರ್ಟು ನಂಬುತ್ತದೆ; ನಾನು ನಂಬಲಿಲ್ಲ.

ಆ ವಾರವೇ ಅದು ಆಯಿತು. ಮಂಜು ಹೆಚ್ಚಿದ್ದ ಒಂದು ಬೆಳಿಗ್ಗೆ ಸುಮಿತ್ರಕ್ಕ ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆದರೂ ಕಾರು ಏಳಲಿಲ್ಲ. ಅಂಗಳದಿಂದ ತಳ್ಳಲು ಮನೆಯಲ್ಲಿ ಇನ್ನೊಬ್ಬರಿಲ್ಲ. ಪಕ್ಕದ ಮನೆಯ ಜೀಪು ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಅವರ ಸರದಿ ಬೇರೆಯವರಿಗೆ ಹೋಗಿತ್ತು. ಶ್ರೀನಿವಾಸಣ್ಣ ಮಧ್ಯಾಹ್ನದ ತನಕ ಬೆಂಚಿನ ಮೇಲೆ ಕಾಲು ಊದಿಸಿಕೊಂಡು, ಏದುಸಿರು ಬಿಡುತ್ತಾ ಕೂತಿದ್ದರಂತೆ. ಫೋನಿನಲ್ಲಿ ಇದನ್ನು ಹೇಳುವಾಗಲೂ ಸುಮಿತ್ರಕ್ಕ ನನಗೊಂದು ಮಾತು ಬೈಯಲಿಲ್ಲ. "ಇವತ್ತು ಆಕ್ಸಿಲರೇಟರ್ ಒತ್ತಿರಲಿಲ್ಲ ಮಂಜಣ್ಣ," ಅಂದರು, ಅಷ್ಟೆ.

ನಾನು ಫೋನಿಟ್ಟು ಶೆಡ್ಡಿನಲ್ಲಿದ್ದ ಖಾಲಿ ಡಬ್ಬವೊಂದನ್ನು ರಸ್ತೆಯ ತನಕ ಒದ್ದೆ.

ಮಾರನೇ ದಿನ ಆಸ್ಪತ್ರೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ನಾನೇ ಬರುತ್ತೇನೆ, ತಣ್ಣಗಿನ ಎಂಜಿನ್ ನೋಡಬೇಕು, ಯಾರೂ ಮುಟ್ಟಬೇಡಿ ಅಂತ ಹೇಳಿದ್ದೆ. ಮಂಜಿನಲ್ಲಿ ಬೈಕ್ ಓಡಿಸಿ, ಕಿವಿ ಮೂಗು ಎಲ್ಲ ಕಲ್ಲಾಗಿ, ಅವರ ಅಂಗಳಕ್ಕೆ ಹೋಗುವಾಗ ಕಾರು ಆಗಲೇ ಗುರ್‌ಗುಟ್ಟುತ್ತಿತ್ತು. ಬಾನೆಟ್ಟಿನ ಮೇಲೊಂದು ಕಂಬಳಿ ಬೇರೆ! ಶ್ರೀನಿವಾಸಣ್ಣ ಮಫ್ಲರ್ ಸುತ್ತಿಕೊಂಡು ಬಾಗಿಲಲ್ಲಿ ಕೂತು ನಗುತ್ತಿದ್ದರು.

"ನೀವು ಈ ಚಳೀಲಿ ಬಂದು ಕಾಯೋದು ಬೇಡ ಅಂತ ನಾನೇ ಇವಳಿಗೆ ಹೇಳ್ದೆ, ಐದಕ್ಕೇ ಶುರು ಮಾಡಿ ಬಿಸಿ ಮಾಡಿಡು ಅಂತ. ಪಕ್ಕದ ಮನೆಯ ಬ್ಯಾಟರಿ ಕೊಟ್ಟು ಎಬ್ಬಿಸಿದ್ವಿ. ಬನ್ನಿ, ಕಾಫಿ ಕುಡೀರಿ."

ನಮ್ಮ ಜನರ ಉಪಚಾರ ನಮ್ಮನ್ನು ಕೊಲ್ಲುತ್ತದೆ. ಬರುವವರಿಗೆ ಮಣೆ ಹಾಕಿಡಬೇಕು, ನೀರು ಕಾಯಿಸಿಡಬೇಕು, ಅದೇ ರೂಢಿಯಲ್ಲಿ ಎಂಜಿನ್ನನ್ನೂ ಕಾಯಿಸಿಟ್ಟಿದ್ದರು.

"ಅಲ್ಲ ಮಾರಾಯ್ರೆ, ತಿಂಗಳು ತಿಂಗಳೂ ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೇಲಿ ಹೋಗೋರು ನೀವು! ಒಂದು ದಿನ ಇಡ್ಲಿ ತಿಂದು ಹೋಗಿ ನೋಡಿ, ಡಾಕ್ಟ್ರು ಎಂತ ಹೇಳ್ತಾರೆ!" ಅಂತ ಕೂಗಿದೆ. ಕಾಯಿಲೆಯ ಮನುಷ್ಯನ ಎದುರು ಕೂಗಿದೆ. ಕೂಗಿದ ಮೇಲೆ ಕಾಫಿಯನ್ನೂ ಕುಡಿದೆ. ಅದು ಚೆನ್ನಾಗಿತ್ತು ಅನ್ನುವುದು ಇನ್ನೂ ಸಿಟ್ಟು ತರಿಸಿತು.

ಎರಡು ದಿನ ಬಿಟ್ಟು, ಅವರು ಜೀಪಿನಲ್ಲಿ ಆಸ್ಪತ್ರೆ ಮುಗಿಸಿ ಬಂದ ಸಂಜೆ, ಹೋಗಿ ಕಾರಿನ ಕೀಲಿಕೈಯನ್ನೇ ಕಿಸೆಗೆ ಹಾಕಿಕೊಂಡು ಮನೆಗೆ ಬಂದೆ. ನಂಬಿಕೆ ಬೇರೆ, ಕೀಲಿಕೈ ಬೇರೆ. ಮರುದಿನ ಬೆಳಿಗ್ಗೆ ಹೋಗುವಾಗ ಕಾರಿನ ಮೈಮೇಲೆ ಇಬ್ಬನಿ ಸಾಲುಗಟ್ಟಿತ್ತು. ಬರಿಹೊಟ್ಟೆ. ಅಂಗೈಯಿಟ್ಟೆ, ತಣ್ಣಗೆ ಹಾವಿನ ಹಾಗಿತ್ತು. ನನಗೆ ಆದ ಸಂತೋಷ ಹೇಳತೀರದು.

ಎಂಟು ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಎಂಜಿನ್ ಎದ್ದು ನಡುಗತೊಡಗಿತು. ನಾನು ಬಾನೆಟ್ ಎತ್ತಿ ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಪಂಡಿತರ ಹಾಗೆ ಮೂರು ಬೆರಳಲ್ಲಿ ಹಿಡಿದು ನಿಂತೆ. ಎಂಜಿನ್ನಿಗೂ ರೇಡಿಯೇಟರಿಗೂ ನಡುವೆ ಒಂದು ಪುಟ್ಟ ವಾಲ್ವ್ ಇರುತ್ತದೆ, ಥರ್ಮೋಸ್ಟಾಟ್ ಅಂತ. ಎಂಜಿನ್ ಕಾಯುವ ತನಕ ಅದು ಬಾಗಿಲು ಹಾಕಿಕೊಂಡಿರುತ್ತದೆ, ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಅಷ್ಟು ಹೊತ್ತು ಮೇಲಿನ ಪೈಪು ತಣ್ಣಗಿರಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಬಾಗಿಲು ತೆಗೆದು, ಪೈಪು ಒಮ್ಮೆಲೇ ಬಿಸಿಯಾಗಬೇಕು. ಇಲ್ಲಿ ಎರಡನೇ ನಿಮಿಷಕ್ಕೇ ಪೈಪು ಉಗುರು ಬೆಚ್ಚಗಾಯಿತು. ಹತ್ತು ನಿಮಿಷವಾದರೂ ಅದೇ ಉಗುರು ಬೆಚ್ಚಗೆ. ಬಾಗಿಲೇ ಇಲ್ಲದ ಮನೆ. ಎಂಜಿನ್ ಕಾಯಿಸಿದ ನೀರನ್ನೆಲ್ಲ ರೇಡಿಯೇಟರು ಆರಿಸುತ್ತಿತ್ತು. ಎಂಜಿನ್ ತಣ್ಣಗಿದೆ ಅಂತ ಕಾರಿನ ಕಂಪ್ಯೂಟರು ದಾರಿಯುದ್ದಕ್ಕೂ ಹೆಚ್ಚು ಹೆಚ್ಚು ಪೆಟ್ರೋಲು ಕೊಡುತ್ತಿತ್ತು, ಪ್ಲಗ್ ಮಸಿ ಹಿಡಿಯುತ್ತಿತ್ತು, ಮಸಿ ಹಿಡಿದ ಪ್ಲಗ್ ಮರುದಿನ ಬೆಳಿಗ್ಗೆ ಕಿಡಿ ಕೊಡುತ್ತಿರಲಿಲ್ಲ. ರಫೀಕನ ಡಬ್ಬಿ ಸತ್ಯ ಹೇಳಿತ್ತು. ಎರಡು ಸೆನ್ಸರೂ ಸತ್ಯ ಹೇಳಿದ್ದವು.

"ಟೆಂಪರೇಚರ್ ಸೂಜಿ ಮೇಲೆ ಏಳ್ತಿತ್ತಾ?" ಅಂತ ಕೇಳಿದೆ.

"ಇಲ್ಲಪ್ಪ! ಅದೊಂದು ವಿಷಯದಲ್ಲಿ ಈ ಕಾರು ಬಂಗಾರ," ಅಂದರು ಶ್ರೀನಿವಾಸಣ್ಣ. "ಎಷ್ಟು ಓಡಿಸಿದ್ರೂ ಹೀಟ್ ಆಗಲ್ಲ. ಸೂಜಿ ಕೆಳಗೇ ಮಲಗಿರತ್ತೆ."

ಘಾಟಿ ಹತ್ತುವ ನಮ್ಮ ಜನಕ್ಕೆ ಎಂಜಿನ್ ಬಿಸಿಯಾಗುವುದೆಂದರೆ ದೆವ್ವದ ಭಯ. ಸೂಜಿ ಏಳದಿದ್ದರೆ ದೇವರು ಒಳ್ಳೆಯದು ಮಾಡಿದ ಅನ್ನುತ್ತಾರೆ. ಅರೆಬೆಂದ ಅನ್ನ ಉಣ್ಣುತ್ತಾ ಒಲೆ ಎಷ್ಟು ತಂಪು ಅಂತ ಹೊಗಳಿದ ಹಾಗೆ. ಈ ಭಯವನ್ನು ನೋಡಿ ಕೆಲವು ಮೆಕ್ಯಾನಿಕ್‌ಗಳು ಒಂದು ಸುಲಭದ ದಾರಿ ಹಿಡಿದಿದ್ದಾರೆ. ಎಂಜಿನ್ ಒಮ್ಮೆ ಬಿಸಿಯಾಯಿತೋ, ವಾಲ್ವನ್ನೇ ಕಿತ್ತು ಎಸೆದು, "ನಮ್ಮ ಘಾಟಿಗೆ ಇದೆಲ್ಲ ಬೇಡ" ಅಂದುಬಿಡುತ್ತಾರೆ.

ಎಂಜಿನ್ ಆಫ್ ಮಾಡಿ, ವಾಲ್ವ್ ಕೂರುವ ಮುಚ್ಚಳದ ಎರಡು ಬೋಲ್ಟು ಬಿಚ್ಚುತ್ತಾ ಅಂಥವರಿಗೆಲ್ಲ ಸೇರಿಸಿ ಬೈದೆ. ಮುಚ್ಚಳ ಎತ್ತಿದರೆ ಒಳಗೆ ಖಾಲಿ. "ನೋಡಿ! ಯಾವನೋ ಮುಠ್ಠಾಳ ಕಿತ್ತು ಬಿಸಾಕಿದ್ದಾನೆ! ಇಂಥವನ ಕೈಗೆ ಕಾರು ಕೊಡ್ತೀರಲ್ಲ! ಎಂಜಿನ್ ಮಾಡಿದೋರು ಇವನಿಗಿಂತ ದಡ್ಡರಾ? ಇವನಿಗೆ ಸ್ಪ್ಯಾನರ್ ಕೊಟ್ಟದ್ದು ಯಾರು?"

"ಯಾರು ತೆಗೆದದ್ದು ಅಂತ ಗೊತ್ತಾಗತ್ತಾ?" ಅಂತ ಕೇಳಿದರು ಸುಮಿತ್ರಕ್ಕ.

ಆಗ ನಾನು ಮುಚ್ಚಳಕ್ಕೆ ಅಂಟಿದ್ದ, ನೀರು ಸೋರದ ಹಾಗೆ ನಡುವೆ ಕೂರಿಸುವ ಗ್ಯಾಸ್ಕೆಟ್ ನೋಡಿದೆ. ಅಂಗಡಿಯ ಗ್ಯಾಸ್ಕೆಟ್ ಅಲ್ಲ. ದಪ್ಪ ಕಾರ್ಡಿನಲ್ಲಿ ಕತ್ತರಿಸಿ ಎರಡೂ ಕಡೆ ಪೇಸ್ಟ್ ಬಳಿದದ್ದು. ನೀರು ತಾಗದೆ ಕಿವಿಯ ಹಾಗೆ ಹೊರಗೆ ಚಾಚಿದ್ದ ಒಂದು ತುದಿಯ ಮೇಲೆ, ಮಸಿಯ ಕೆಳಗೆ ಬಂಗಾರದ ಬಣ್ಣದ ಅಕ್ಷರ ಕಂಡವು. "ಚಿ. ಸೌ. ದೀ" ಅಂತ ಇತ್ತು. ದೀ ಅಂದರೆ ದೀಪಾ. ದೀಪಾ ನನ್ನ ಮಗಳು. ಆರು ವರ್ಷದ ಹಿಂದೆ ಅವಳ ಮದುವೆಯ ಕಾಗದ ಹಂಚಿ ಮಿಕ್ಕಿದ್ದನ್ನು ನಾನು ಶೆಡ್ಡಿನಲ್ಲಿಟ್ಟು ಗ್ಯಾಸ್ಕೆಟ್ ಕತ್ತರಿಸಿ ಮುಗಿಸಿದ್ದೆ. ಒಳ್ಳೇ ದಪ್ಪ ಕಾರ್ಡು. ಆ ಬೇಸಿಗೆ ಆಗುಂಬೆ ಘಾಟಿ ಹತ್ತಿ ಬಂದು ಹಬೆ ಉಗುಳುತ್ತಾ ನಿಂತ ಒಂದು ಕಾರು ನೆನಪಾಯಿತು. ಆಗ ಅದನ್ನು ಓಡಿಸುತ್ತಿದ್ದವರು ಶ್ರೀನಿವಾಸಣ್ಣ. "ನಮ್ಮ ಘಾಟಿಗೆ ಇದೆಲ್ಲ ಬೇಡ" ಅಂತ ಹೇಳಿದವನ ದನಿಯೂ ನೆನಪಾಯಿತು. ಈಗ ಬೈಯುತ್ತಿದ್ದದ್ದೂ ಅದೇ ದನಿ.

"ನೋಡ್ತೀನಿ," ಅಂದೆ. ಗ್ಯಾಸ್ಕೆಟ್ ಕಿತ್ತು ಕಿಸೆಗೆ ಹಾಕಿದೆ. ಹೊಸ ವಾಲ್ವ್ ತರಬೇಕು ಅಂತ ಬೈಕ್ ಹತ್ತಿ ಹೊರಟುಬಿಟ್ಟೆ.

ನರಸಿಂಹರಾಜಪುರದ ದಾರಿಯಲ್ಲಿ ಹಳ್ಳವೊಂದು ಬರುತ್ತದೆ. ಸೇತುವೆಯ ಮೇಲೆ ಬೈಕ್ ನಿಲ್ಲಿಸಿ, ಒಂದು ಬೀಡಿ ಸೇದುವಷ್ಟು ಹೊತ್ತು ನಿಂತೆ. ಕಿಸೆಯಲ್ಲಿದ್ದದ್ದು ಹೆಬ್ಬೆರಳಗಲದ ಕಾಗದ. ನೀರಿಗೆ ಬಿಟ್ಟರೆ ಮುಗಿಯಿತು. ಮುಠ್ಠಾಳ ಯಾರೋ, ಸರಿ ಮಾಡಿದವನು ನಾನು. ಮೂವತ್ತು ವರ್ಷ ದುಡಿದು ಸಂಪಾದಿಸಿದ್ದು ಶೆಡ್ಡಲ್ಲ, ಹೆಸರು. ಅದನ್ನು ನಾನೇ ಕೈಯಾರೆ ಯಾಕೆ ಕಳೆಯಬೇಕು? ಆದರೆ ಬೆಂಚಿನ ಮೇಲೆ ಕಾಲು ಊದಿಸಿಕೊಂಡು ಕೂತವರು ನೆನಪಾದರು. "ಇವತ್ತು ಆಕ್ಸಿಲರೇಟರ್ ಒತ್ತಿರಲಿಲ್ಲ" ಅಂದದ್ದು ನೆನಪಾಯಿತು. ಆ ಹೆಂಗಸು ಒಂದು ತಿಂಗಳ ಮೇಲೆ, ಕಾರು ಏಳದ ಪ್ರತಿ ಬೆಳಿಗ್ಗೆಯೂ, ತಮ್ಮ ಕಾಲಿನದ್ದೇ ತಪ್ಪು ಅಂತ ತಿಳಿದಿದ್ದರು, ನಾನು ಹಾಗೆ ಹೇಳಿದ್ದಕ್ಕೆ. ಹಳ್ಳಕ್ಕೆ ಉಗಿದು ಬೈಕ್ ಹತ್ತಿದೆ.

ರಫೀಕನ ಮೇಜಿನ ಮೇಲೆ ಆ ತುಂಡು ಇಟ್ಟೆ. ಅವನು ಕನ್ನಡಕ ಏರಿಸಿ ಓದಿ, ನನ್ನ ಮುಖ ನೋಡಿ, ಪೂರ್ತಿ ಕಥೆ ಕೇಳಿ, ಒಂದೇ ಮಾತು ಕೇಳಿದ: "ನನ್ನ ಡಬ್ಬಿಗೆ ಜ್ವರ ಅಂದಿದ್ದೆಯಲ್ಲ ಮಾರಾಯ, ಮಾತ್ರೆ ತಂದಿದ್ದೀಯಾ?" ಆಮೇಲೆ ತಾನೇ ಎದ್ದು ಪಕ್ಕದ ಅಂಗಡಿಯಲ್ಲಿ ವಾಲ್ವ್ ಹುಡುಕಿಸಿಕೊಟ್ಟ. ಗ್ಯಾಸ್ಕೆಟ್ ಮರೆಯದೆ ಕೊಡಿ, ಈತನ ಮನೆಯಲ್ಲಿ ಇನ್ನು ಮದುವೆಗೆ ಮಕ್ಕಳಿಲ್ಲ ಅಂತ ಅಂಗಡಿಯವನಿಗೆ ಹೇಳಿದ್ದೂ ಅವನೇ.

ಮಧ್ಯಾಹ್ನದೊಳಗೆ ವಾಲ್ವ್ ಕೂರಿಸಿ, ಪ್ಲಗ್ ಬದಲಿಸಿ, ಕೈ ತೊಳೆದುಕೊಂಡು, ಆ ಕಾಗದದ ಕಿವಿಯನ್ನು ಸುಮಿತ್ರಕ್ಕನ ಕೈಗೆ ಕೊಟ್ಟೆ. "ಆ ಮುಠ್ಠಾಳ ನಾನೇ. ನಿಮ್ಮ ಕಾಲಿನದು ಏನೂ ತಪ್ಪಿರಲಿಲ್ಲ," ಅಂದೆ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಬೈಗುಳ ಬೇಕಿತ್ತು. ಬೈಸಿಕೊಂಡರೆ ಲೆಕ್ಕ ಚುಕ್ತಾ ಆಗುತ್ತದೆ. ಶ್ರೀನಿವಾಸಣ್ಣನೇ ಕೈಚಾಚಿ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದರು.

"ಅಲ್ವೇ, ಮಂಜಣ್ಣ ಮಗಳ ಮದುವೆಗೆ ನಮಗೆ ಕಾಗದ ಕೊಡಲೇ ಇಲ್ಲ ಅಂತ ಆರು ವರ್ಷದಿಂದ ಹೇಳ್ತಿದ್ದೀಯಲ್ಲ, ಕೊಟ್ಟಿದ್ದಾರೆ ನೋಡು! ನಾವು ಕಾರಿನೊಳಗೆ ನೋಡಿರಲಿಲ್ಲ ಅಷ್ಟೆ."

ಸುಮಿತ್ರಕ್ಕ ನಗಲಿಲ್ಲ. "ಕಾರು ಬೆಳಿಗ್ಗೆ ಏಳಲಿ, ಆಮೇಲೆ ನಗೋಣ," ಅಂದರು. ನ್ಯಾಯವಾದ ಮಾತು.

ಮುಂದಿನ ಆಸ್ಪತ್ರೆಯ ದಿನ ಐದೂಮುಕ್ಕಾಲಕ್ಕೆ ಫೋನ್ ಬಂತು. ಸುಮಿತ್ರಕ್ಕನದು. ಫೋನನ್ನು ಕಾರಿನ ಹತ್ತಿರ ಹಿಡಿದು ಕೀಲಿ ತಿರುಗಿಸಿದರು. ಒಂದೇ ಸೆಲ್ಫು. ಆಮೇಲೆ ಒಂದೇ ಸಮನೆ ಗುರ್ ಅನ್ನುವ ಸದ್ದು. ಫೋನಿನಲ್ಲಿ ಎಂಜಿನ್ನಿನ ಸದ್ದು ಕೇಳಿಸುವವರನ್ನು ಕಂಡರೆ ನನಗಾಗುವುದಿಲ್ಲ ಅಂತ ಮೊದಲೇ ಹೇಳಿದೆ. ಅವತ್ತು ಮಾತ್ರ ಅವರೇ ಇಡುವ ತನಕ ಕೇಳಿದೆ.

ನನ್ನ ಸಿಟ್ಟು ಕಡಿಮೆಯಾಗಿದೆ ಅಂತ ತಿಳಿಯಬೇಡಿ. ಮೊನ್ನೆಯೂ ಒಬ್ಬ ನೆಮ್ಮಾರಿನಿಂದ ಬಿಸಿ ಕಾರು ತಂದು, "ಈ ವಾಲ್ವ್ ತೆಗೆದುಬಿಡಿ ಮಾರಾಯ್ರೆ, ಘಾಟಿಗೆ ತೊಂದರೆ" ಅಂದ. ಅವನು ಬಂದ ದಾರಿಯಲ್ಲೇ ಓಡಿಹೋಗುವ ಹಾಗೆ ಬೈದೆ. ಒಂದು ವ್ಯತ್ಯಾಸವಿದೆ. ಆ ಪುಟ್ಟ ವಾಲ್ವ್ ಶಾಖವನ್ನು ಹೊರಗೆ ಬಿಡದೆ ತೊಂದರೆ ಕೊಡಲಿಕ್ಕಿದೆ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ. ಕೆಲಸಕ್ಕೆ ಬರುವಷ್ಟು ಆಗುವ ತನಕ ಶಾಖವನ್ನು ಒಳಗೇ ಹಿಡಿದಿಟ್ಟು, ಆಮೇಲೆ ಹೊರಗೆ ಬಿಡುವುದೇ ಅದರ ಕೆಲಸ. ನನ್ನ ತಲೆಯಿಂದ ಅದನ್ನು ಯಾರು ಕಿತ್ತರೋ ಗೊತ್ತಿಲ್ಲ. ಬೈಯುವ ಮೊದಲು ಗ್ಯಾಸ್ಕೆಟ್ ಒಂದನ್ನು ನೋಡಿಬಿಡುವ ಅಭ್ಯಾಸ ಮಾತ್ರ ಮಾಡಿಕೊಂಡಿದ್ದೇನೆ.

ಕಳೆದ ವಾರ ಶೆಟ್ಟಿಕೊಪ್ಪದ ಕಡೆ ಹೋಗಿದ್ದವನು ಸಂಜೆ ಸುಮಿತ್ರಕ್ಕನ ಮನೆಯ ಕೆಳಗೆ ಬೈಕ್ ನಿಧಾನ ಮಾಡಿ ಮೇಲೆ ನೋಡಿದೆ. ಅಂಗಳದಲ್ಲಿ ಕಾರು ನಿಂತಿತ್ತು. ಚಕ್ರಕ್ಕೆ ಕಲ್ಲಿರಲಿಲ್ಲ. ಮೂತಿ ಗೋಡೆಗಿತ್ತು.